ಹಳೆಯ ಬೈಕ್ ಎಂಜಿನ್‌ನ ಆಯಿಲ್ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಬೈಕ್‌ಗಳನ್ನು ತಾವೇ ನೋಡಿಕೊಳ್ಳುವವರು ಆಯಿಲ್ ಸೋರಿಕೆಯ ಬಗ್ಗೆ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್‌ಗಳನ್ನು ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಂಡಿದ್ದೇನೆ; ಟೂ ಸ್ಟ್ರೋಕ್‌ಗೆ ಪ್ರತ್ಯೇಕ ಪ್ರಶ್ನೆಯಿದೆ. ಇಲ್ಲಿ ಕೊಟ್ಟಿರುವ ಅಳತೆಗಳಿಗೂ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ಗೂ ವ್ಯತ್ಯಾಸ ಕಂಡುಬಂದರೆ ಮ್ಯಾನ್ಯುಯಲ್ ಹೇಳಿದಂತೆಯೇ ಮಾಡಿ.

ಎಂಜಿನ್‌ನ ಕೆಳಭಾಗವೆಲ್ಲ ಎಣ್ಣೆಯಾಗಿದೆ. ಯಾವ ಗ್ಯಾಸ್ಕೆಟ್ ಬದಲಿಸಬೇಕು?

ಗ್ಯಾಸ್ಕೆಟ್ ಎಂದರೆ ಎರಡು ಲೋಹದ ಭಾಗಗಳ ನಡುವೆ ಸೋರದಂತೆ ಇಡುವ ತೆಳುವಾದ ಹಾಳೆ. ಸದ್ಯಕ್ಕೆ ಯಾವುದನ್ನೂ ಬದಲಿಸಬೇಡಿ. ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಹೊರಬರುವ ಜಾಗ ಬೇರೆ. ಎಂಜಿನ್‌ನ ಮೇಲ್ತುದಿಯ ಟ್ಯಾಪೆಟ್ ಕವರ್‌ನಿಂದ (ವಾಲ್ವ್‌ಗಳ ಮೇಲಿನ ಮುಚ್ಚಳದಿಂದ) ಒಸರಿದ ಆಯಿಲ್ ಬೋರ್‌ನ, ಅಂದರೆ ಸಿಲಿಂಡರ್‌ನ, ತಣಿಸುವ ಫಿನ್‌ಗಳ ನಡುವೆ ಇಳಿದು, ಬೈಕ್ ಓಡುವಾಗ ಎದುರುಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ನ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ನೋಡಿದವರು ಡ್ರೈನ್ ಬೋಲ್ಟನ್ನೇ ದೂರಿ, ಅದನ್ನು ಇನ್ನಷ್ಟು ಬಿಗಿದು, ಥ್ರೆಡ್ ಹಾಳು ಮಾಡಿಕೊಳ್ಳುತ್ತಾರೆ. ಮೂಲ ಯಾವುದೆಂದು ಖಚಿತವಾಗುವ ಮೊದಲೇ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದರಿಂದ ಕೆಟ್ಟ ಎಂಜಿನ್‌ಗಳು ಸೋರಿಕೆಯಿಂದ ಕೆಟ್ಟವುಗಳಿಗಿಂತ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಮೂಲವನ್ನು ಪತ್ತೆ ಹಚ್ಚುವುದು ಹೇಗೆ?

ಮೊದಲು ಎಂಜಿನ್ನನ್ನು ಪೂರ್ತಿಯಾಗಿ ತೊಳೆಯಬೇಕು. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಅಥವಾ ಸೀಮೆಎಣ್ಣೆಯನ್ನು ಬ್ರಷ್‌ನಿಂದ ಹಚ್ಚಿ, ಫಿನ್‌ಗಳ ಸಂದಿ, ಮುಂದಿನ ಸ್ಪ್ರಾಕೆಟ್‌ನ ಹಿಂಭಾಗ, ಕಿಕ್ಕರ್ ಮತ್ತು ಗೇರ್ ಲಿವರ್‌ಗಳ ಬುಡ, ಮ್ಯಾಗ್ನೆಟ್ ಕವರ್‌ನಿಂದ ವೈರ್ ಹೊರಬರುವ ರಬ್ಬರ್ ಇವುಗಳಲ್ಲಿ ಒಂದನ್ನೂ ಬಿಡದೆ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಪೆಟ್ರೋಲ್‌ನಿಂದ ತೊಳೆಯುವ ಅಭ್ಯಾಸ ಬೆಂಕಿಗೆ ಆಹ್ವಾನವಾದ್ದರಿಂದ ಅದನ್ನು ಬಿಟ್ಟುಬಿಡಿ. ಒಣಗಿದ ಮೇಲೆ ಅನುಮಾನವಿರುವ ಜಾಗಗಳ ಮೇಲೆ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗುವವರೆಗೆ ನಿಂತಲ್ಲೇ ಓಡಿಸಿ ಟಾರ್ಚ್ ಹಿಡಿದು ನೋಡುತ್ತಿರಿ. ಬಿಳಿಯ ಪುಡಿಯ ಮೇಲೆ ಎಣ್ಣೆ ಕಪ್ಪು ಗೆರೆಯಾಗಿ ಮೂಡುತ್ತದೆ. ಆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿದರೆ, ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿರುವುದು ಮತ್ತು ಅತ್ಯಂತ ಮುಂದಿರುವುದು ಯಾವುದೋ ಅದೇ ಮೂಲ.

ನನ್ನ ಬೈಕಿನಲ್ಲಿ ಕ್ಲಚ್ ಕವರ್‌ನ ಅಂಚು ಸದಾ ಒದ್ದೆಯಾಗಿರುತ್ತಿತ್ತು. ಆ ಕವರ್‌ನ ಗ್ಯಾಸ್ಕೆಟ್ ಎರಡು ಸಲ ಬದಲಾಗಿದ್ದರೂ ಸೋರಿಕೆ ನಿಂತಿರಲಿಲ್ಲ. ಕೊನೆಗೆ ಪುಡಿ ಹಾಕಿ ಕುಳಿತಾಗ ಹತ್ತು ನಿಮಿಷದೊಳಗೆ ಹುಲ್ಲುಕಡ್ಡಿಯಷ್ಟು ಸಪೂರವಾದ ಗೆರೆಯೊಂದು ಕಾಣಿಸಿತು. ಅದು ಹೊರಟಿದ್ದು ಕ್ಲಚ್ ಕವರ್‌ನಿಂದಲ್ಲ, ಅದಕ್ಕಿಂತ ಒಂದು ಗೇಣು ಮೇಲೆ, ಆರ್‌ಪಿಎಂ ಮೀಟರ್ ಕೇಬಲ್ ಎಂಜಿನ್ ಸೇರುವ ಜಾಗದ ಪುಟ್ಟ ಸೀಲ್‌ನಿಂದ. ಬೆರಳುಗುರಿನಷ್ಟು ದೊಡ್ಡ ರಬ್ಬರ್ ತುಂಡು ಬದಲಾದ ದಿನವೇ ಕ್ಲಚ್ ಕವರ್ ಒಣಗಿತು.

ನಿಂತಲ್ಲಿ ಸೋರದೆ ರಸ್ತೆಯಲ್ಲಿ ಮಾತ್ರ ಸೋರುವ ಎಂಜಿನ್‌ಗಳೂ ಇವೆ. ಅಂಥವನ್ನು ಐದಾರು ಕಿಲೋಮೀಟರ್ ಓಡಿಸಿ ತಂದು, ತಕ್ಷಣ ಪರೀಕ್ಷಿಸಬೇಕು. ಒಂದು ಗಂಟೆ ಬಿಟ್ಟು ನೋಡಿದರೆ ಎಣ್ಣೆ ಎಲ್ಲೆಡೆ ಹರಡಿ ಗುರುತು ಅಳಿಸಿಹೋಗಿರುತ್ತದೆ.

ಸೋರುತ್ತಿರುವುದು ಎಂಜಿನ್ ಆಯಿಲೇ ಎಂದು ಹೇಗೆ ತಿಳಿಯಬೇಕು?

ಬೈಕ್ ಕೆಳಗೆ ಬಿಳಿಯ ರಟ್ಟು ಹಾಸಿ ಒಂದು ರಾತ್ರಿ ಬಿಡಿ. ಕಂದು ಇಲ್ಲವೆ ಕಪ್ಪು ಬಣ್ಣದ ಜಾರುವ ಹನಿ ಎಂಜಿನ್ ಆಯಿಲ್. ಮುಂದಿನ ಸ್ಪ್ರಾಕೆಟ್ ಸುತ್ತ ಮಣ್ಣು ಬೆರೆತು ಮೆತ್ತಿಕೊಂಡಿರುವ ದಪ್ಪ ಜಿಡ್ಡು ಚೈನ್‌ಗೆ ಹಾಕಿದ ಲ್ಯೂಬ್ ಆಗಿರಬಹುದು. ಬಹುಬೇಗ ಆರಿಹೋಗಿ ವಾಸನೆಯನ್ನಷ್ಟೇ ಉಳಿಸುವುದು ಕಾರ್ಬುರೇಟರ್‌ನಿಂದ ಉಕ್ಕಿದ ಪೆಟ್ರೋಲ್.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಆಯಿಲ್ ಹಾಕದೆಯೇ ಲೆವೆಲ್ ಏರಿದ್ದರೆ, ಡಿಪ್‌ಸ್ಟಿಕ್‌ಗೆ ಅಂಟಿದ ಆಯಿಲ್ ನೀರಿನಂತೆ ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಕಾರ್ಬುರೇಟರ್‌ಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಸರಿಯಾಗಿ ಮುಚ್ಚದೆ ಪೆಟ್ರೋಲ್ ಎಂಜಿನ್‌ನೊಳಗೆ ಇಳಿದಿದೆ ಎಂದರ್ಥ. ಆ ಸ್ಥಿತಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಬಾರದು. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ನೀಡಲ್ ಸರಿಪಡಿಸಿ, ಆಯಿಲ್ ಬದಲಿಸಿ, ಆಮೇಲೆ ಸೋರಿಕೆಯ ವಿಚಾರಕ್ಕೆ ಬನ್ನಿ. ಎಷ್ಟೋ ಸಲ ಆ ವೇಳೆಗೆ ಸೋರಿಕೆಯೇ ನಿಂತಿರುತ್ತದೆ.

ಗ್ಯಾಸ್ಕೆಟ್ ಹೊಸದು, ಕೆಲಸವೂ ಅಚ್ಚುಕಟ್ಟು. ಆದರೂ ತಿಂಗಳೊಳಗೆ ಮತ್ತೆ ಸೋರುತ್ತಿದೆ. ಏಕೆ?

ಎಂಜಿನ್‌ನ ಒಳಗಿನ ಒತ್ತಡವನ್ನು ಯಾರೂ ನೋಡಿರುವುದಿಲ್ಲ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್‌ಕೇಸ್‌ನೊಳಗಿನ (ಎಂಜಿನ್‌ನ ಕೆಳಗಿನ ಪೆಟ್ಟಿಗೆಯೊಳಗಿನ) ಗಾಳಿ ಅದುಮಲ್ಪಡುತ್ತದೆ. ಒಂದೇ ಸಿಲಿಂಡರ್ ಇರುವ ಎಂಜಿನ್‌ನಲ್ಲಿ ಈ ಏರಿಳಿತ ಬಹಳ ತೀವ್ರ. ಅದರ ಜೊತೆಗೆ ಪಿಸ್ಟನ್ ರಿಂಗ್‌ಗಳ ಪಕ್ಕದಿಂದ ಸ್ವಲ್ಪ ಉರಿದ ಅನಿಲವೂ ಕೆಳಗೆ ನುಸುಳುತ್ತದೆ. ಇದೆಲ್ಲ ಹೊರಹೋಗುವುದಕ್ಕೆ ಇರುವ ದಾರಿ ಬ್ರೀದರ್ ಪೈಪ್. ಹಳೆಯ ಬೈಕ್‌ಗಳಲ್ಲಿ ಈ ಪೈಪ್ ಮಡಿಚಿಕೊಂಡಿರುವುದು, ಒಳಗೆ ಆಯಿಲ್ ಮತ್ತು ನೀರಾವಿ ಬೆರೆತ ಬೆಣ್ಣೆಯಂಥ ಕೆಸರು ಕಟ್ಟಿರುವುದು, ಕಣಜದ ಹುಳು ಮಣ್ಣಿನ ಗೂಡು ಮಾಡಿರುವುದು ಇವೆಲ್ಲ ಉಂಟು. ದಾರಿ ಮುಚ್ಚಿದರೆ ಒತ್ತಡ ತನಗೆ ಸಿಕ್ಕ ಅತ್ಯಂತ ದುರ್ಬಲವಾದ ಗ್ಯಾಸ್ಕೆಟ್ ಅಥವಾ ಸೀಲ್ ಮೂಲಕ ಆಯಿಲನ್ನು ಹೊರಗೆ ತಳ್ಳುತ್ತದೆ; ಅದನ್ನು ನೀವು ಬದಲಿಸಿದರೆ ಅದರ ನಂತರದ ದುರ್ಬಲ ಜಾಗವನ್ನು ಹುಡುಕಿಕೊಳ್ಳುತ್ತದೆ. ಒಂದು ಸೋರಿಕೆ ನಿಂತ ಕೂಡಲೆ ಇನ್ನೊಂದು ಕಡೆ ಹೊಸದು ಶುರುವಾದರೆ ಬ್ರೀದರ್ ಮೇಲೆ ಅನುಮಾನ ಪಡಲೇಬೇಕು.

ಪೈಪನ್ನು ಕಳಚಿ, ತೊಳೆದು, ಅದರ ಮೂಲಕ ಊದಿ ನೋಡಿ. ಕೆಲವು ಎಂಜಿನ್‌ಗಳ ಬ್ರೀದರ್‌ನಲ್ಲಿ ಗಾಳಿಯನ್ನು ಹೊರಗೆ ಮಾತ್ರ ಬಿಡುವ ವಾಲ್ವ್ ಇರುತ್ತದೆ. ಅದರ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ. ನಂತರ ಎಂಜಿನ್ ಐಡಲ್‌ನಲ್ಲಿರುವಾಗ ಪೈಪ್ ತುದಿಗೆ ಅಂಗೈ ಹಿಡಿಯಿರಿ. ಸಿಂಗಲ್ ಸಿಲಿಂಡರ್‌ನಲ್ಲಿ ಉಸಿರಾಟದಂಥ ಮಿಡಿತ ಸಹಜ. ಬಿಡುವಿಲ್ಲದೆ ಜೋರಾಗಿ ಗಾಳಿ ಬರುತ್ತಿದ್ದು, ಅದರಲ್ಲಿ ಹೊಗೆಯೂ ಇದ್ದರೆ ರಿಂಗ್ ಅಥವಾ ಬೋರ್ ಸವೆದಿದೆ. ಖಚಿತಪಡಿಸಿಕೊಳ್ಳಲು ಕಂಪ್ರೆಷನ್ ಗೇಜ್ ಹಾಕಿ ಒಮ್ಮೆ ಅಳೆದು, ಪ್ಲಗ್ ರಂಧ್ರದ ಮೂಲಕ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಎರಡನೆಯ ಸಲ ಅಂಕಿ ಗಣನೀಯವಾಗಿ ಏರಿದರೆ ತೊಂದರೆ ರಿಂಗ್‌ಗಳದು. ಆಗ ಹೊರಗಿನ ಗ್ಯಾಸ್ಕೆಟ್‌ಗಳನ್ನು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ.

ಕೆಲವು ವಾರ ನಿಲ್ಲಿಸಿದ್ದ ಬೈಕ್ ಸ್ಟಾರ್ಟ್ ಮಾಡಿದ ಕೂಡಲೆ ಆಯಿಲ್ ಸುರಿಯುತ್ತದೆ. ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಇದೇನು?

ಇದು ಡ್ರೈ ಸಂಪ್ ಎಂಜಿನ್‌ಗಳ ಲಕ್ಷಣ. ಅವುಗಳಲ್ಲಿ ಆಯಿಲ್ ಪ್ರತ್ಯೇಕ ಟ್ಯಾಂಕ್‌ನಲ್ಲಿರುತ್ತದೆ. ಕಬ್ಬಿಣದ ಬೋರ್‌ನ ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್‌ನಲ್ಲಿ ಆ ಟ್ಯಾಂಕ್ ಕ್ರ್ಯಾಂಕ್‌ಕೇಸ್‌ನ ಎರಕದಲ್ಲೇ ಸೇರಿಕೊಂಡಿದೆ. ಪಂಪ್ ಸವೆದಿದ್ದರೆ ನಿಂತ ಬೈಕಿನಲ್ಲಿ ಆಯಿಲ್ ನಿಧಾನವಾಗಿ ಇಳಿದು ಕ್ರ್ಯಾಂಕ್ ತಿರುಗುವ ಜಾಗದಲ್ಲಿ ತುಂಬಿಕೊಳ್ಳುತ್ತದೆ, ಸ್ಟಾರ್ಟ್ ಮಾಡಿದಾಗ ಹೆಚ್ಚಾದದ್ದು ಬ್ರೀದರ್ ಮೂಲಕ ಹೊರಬೀಳುತ್ತದೆ. ಇಂಥ ಎಂಜಿನ್‌ನಲ್ಲಿ ಬೆಳಗ್ಗೆ ಲೆವೆಲ್ ನೋಡಿ ಕಡಿಮೆಯಿದೆ ಎಂದು ಆಯಿಲ್ ಸುರಿದರೆ ಅದು ಅತಿಯಾಗುತ್ತದೆ. ಕೆಲವು ನಿಮಿಷ ಓಡಿಸಿ, ಆಯಿಲ್ ಟ್ಯಾಂಕ್‌ಗೆ ಮರಳಿದ ಮೇಲೆಯೇ ಲೆವೆಲ್ ನೋಡಬೇಕು.

ಬೋಲ್ಟ್‌ಗಳನ್ನು ಇನ್ನಷ್ಟು ಬಿಗಿದರೆ ಸಾಲದೆ?

ಸಡಿಲವಾಗಿದ್ದರೆ ಸಾಕು, ಸಡಿಲವಾಗಿಲ್ಲದಿದ್ದರೆ ಹಾನಿ. ಕವರ್‌ಗಳಲ್ಲಿ ಹೆಚ್ಚಾಗಿ ಇರುವುದು 6 ಮಿ.ಮೀ. ಬೋಲ್ಟ್. ಅಲ್ಯೂಮಿನಿಯಂನಲ್ಲಿ ಕೂರುವ ಈ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಅಂದರೆ 10 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 10 ಕಿಲೋ ಭಾರ. ಅದೇ ಬೋಲ್ಟನ್ನು ಉದ್ದನೆಯ ಹಿಡಿಯಿಂದ ತೋಳಿನ ಬಲವೆಲ್ಲ ಹಾಕಿ ತಿರುಗಿಸಿದರೆ ಒಂದು ಹಂತದಲ್ಲಿ ಬಿಗಿ ಏರದೆ ಬೋಲ್ಟ್ ಮೆತ್ತಗೆ ತಿರುಗತೊಡಗುತ್ತದೆ. ಥ್ರೆಡ್ ಕಿತ್ತು ಬರುತ್ತಿರುವ ಸೂಚನೆ ಅದು. ಇನ್ನೊಂದು ತೊಂದರೆಯೆಂದರೆ, ಅತಿಯಾಗಿ ಬಿಗಿದಾಗ ಬೋಲ್ಟ್‌ನ ಸುತ್ತ ಕವರ್ ತಗ್ಗಿ, ಎರಡು ಬೋಲ್ಟ್‌ಗಳ ನಡುವಿನ ಭಾಗ ಕಮಾನಿನಂತೆ ಮೇಲೇಳುತ್ತದೆ, ಆಯಿಲ್ ಅಲ್ಲಿಂದಲೇ ಬರುತ್ತದೆ. ಹಳೆಯ ಬುಲೆಟ್‌ನ ಪ್ರೈಮರಿ ಚೈನ್ ಕವರ್ ನಡುವಿನ ಒಂದೇ ನಟ್‌ನಲ್ಲಿ ನಿಲ್ಲುವಂಥದ್ದು. ಆ ನಟ್ಟನ್ನು ಬಿಗಿದಷ್ಟೂ ಕವರ್ ನಡುವೆ ಬಾಗಿ, ಅಂಚಿನಲ್ಲಿ ರಬ್ಬರ್ ಮೇಲಿನ ಹಿಡಿತ ತಪ್ಪುತ್ತದೆ.

ಥ್ರೆಡ್ ಈಗಾಗಲೇ ಹೋಗಿದ್ದರೆ ಅಂಟು ಮೆತ್ತಿ ಬೋಲ್ಟ್ ನಿಲ್ಲಿಸುವ ಪ್ರಯತ್ನ ಬೇಡ. ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಿಕೊಂಡರೆ ಮೂಲ ಅಳತೆಯ ಬೋಲ್ಟನ್ನೇ ಬಳಸಬಹುದು, ಅಲ್ಯೂಮಿನಿಯಂ ಥ್ರೆಡ್‌ಗಿಂತ ಅದು ಗಟ್ಟಿಯಾಗಿಯೂ ಇರುತ್ತದೆ.

ಕವರ್ ಬಿಚ್ಚಿದ ಮೇಲೆ ಹಳೆಯ ಗ್ಯಾಸ್ಕೆಟ್ ಅಂಟಿಕೊಂಡೇ ಇದೆ. ಕೆರೆದು ತೆಗೆಯಬಹುದೇ?

ತೆಗೆಯಬೇಕು, ಆದರೆ ಸ್ಕ್ರೂಡ್ರೈವರ್‌ನಿಂದ ಬೇಡ. ಅಲ್ಯೂಮಿನಿಯಂ ಮೆದು ಲೋಹ. ಸ್ಕ್ರೂಡ್ರೈವರ್ ಮೂಲೆ ಒಮ್ಮೆ ಜಾರಿದರೆ ಉಳಿಯುವ ಗೀರೇ ಮುಂದೆ ಆಯಿಲ್ ಹರಿಯುವ ಕಾಲುವೆಯಾಗುತ್ತದೆ. ಗ್ಯಾಸ್ಕೆಟ್ ರಿಮೂವರ್ ಹಚ್ಚಿ ನೆನೆಯಲು ಬಿಟ್ಟು, ಗಟ್ಟಿ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಪಟ್ಟಿಯಿಂದ ಸಮಾಧಾನವಾಗಿ ಎಬ್ಬಿಸಿ. ಕೆರೆದ ಚೂರುಗಳು ಎಂಜಿನ್‌ನೊಳಗೆ ಬೀಳದಂತೆ ತೆರೆದ ಭಾಗಗಳಿಗೆ ಸ್ವಚ್ಛವಾದ ಬಟ್ಟೆ ತುರುಕಿ, ಕೊನೆಗೆ ಅದನ್ನು ಎಣಿಸಿ ತೆಗೆಯಿರಿ.

ಮೇಲ್ಮೈ ಸಮತಟ್ಟಾಗಿದೆಯೇ ಎಂದು ಪರೀಕ್ಷಿಸುವುದು ಈ ಕೆಲಸದ ಬಹುಮುಖ್ಯ ಹಂತ, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಹೌದು. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಸ್ವಲ್ಪ ಸೀಮೆಎಣ್ಣೆ ಹನಿಸಿ. ಕವರ್‌ನ ಅಂಚಿಗೆಲ್ಲ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಕವರನ್ನು ಪೇಪರ್ ಮೇಲಿಟ್ಟು, ಹೆಚ್ಚು ಒತ್ತದೆ 8ರ ಆಕಾರದಲ್ಲಿ ನಾಲ್ಕೈದು ಸುತ್ತು ಆಡಿಸಿ ಎತ್ತಿ ನೋಡಿ. ಬಣ್ಣ ಅಳಿಸಿದ ಜಾಗ ಉಬ್ಬು, ಉಳಿದ ಜಾಗ ತಗ್ಗು. ಸಾಮಾನ್ಯವಾಗಿ ಬೋಲ್ಟ್ ರಂಧ್ರಗಳ ಸುತ್ತ ಲೋಹ ಸಣ್ಣ ಬಳೆಯಂತೆ ಮೇಲೆದ್ದಿರುವುದು ಆಗ ಸ್ಪಷ್ಟವಾಗಿ ಕಾಣುತ್ತದೆ. ಬಣ್ಣ ಎಲ್ಲ ಕಡೆ ಒಂದೇ ಸಮನೆ ಅಳಿಸುವವರೆಗೆ ಆಡಿಸಿ, ನಂತರ ಪುಡಿಯ ಒಂದು ಕಣವೂ ಉಳಿಯದಂತೆ ತೊಳೆಯಿರಿ. ಎಂಜಿನ್ ಬದಿಯ ಮೇಲ್ಮೈಯನ್ನು ಹೀಗೆ ಉಜ್ಜಲಾಗದು. ಅಲ್ಲಿ ನೇರ ಪಟ್ಟಿಯಿಟ್ಟು ಫೀಲರ್ ಗೇಜ್‌ನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳಿಂದ) ಪರೀಕ್ಷಿಸಬಹುದು. ಕವರನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡವೆಲ್ ಪಿನ್‌ಗಳು ಸ್ವಸ್ಥಾನದಲ್ಲಿವೆಯೇ ಎಂಬುದನ್ನೂ ನೋಡಿ, ಏಕೆಂದರೆ ಅವಿಲ್ಲದೆ ಕವರ್ ಕೂದಲೆಳೆಯಷ್ಟು ಸರಿದು ಕೂತರೂ ಶಾಫ್ಟ್ ಸೀಲ್ ಒಂದು ಬದಿಗೆ ಸವೆಯುತ್ತದೆ.

ಗ್ಯಾಸ್ಕೆಟ್ ಬದಲು ಸಿಲಿಕೋನ್ ಪೇಸ್ಟ್ ಹಾಕಿದರೆ ಆಗದೆ?

ತಯಾರಕರು ಪೇಸ್ಟ್‌ಗೆಂದೇ ರೂಪಿಸಿದ ಜೋಡಣೆಗಳಲ್ಲಿ, ಉದಾಹರಣೆಗೆ ಅನೇಕ ಎಂಜಿನ್‌ಗಳ ಕ್ರ್ಯಾಂಕ್‌ಕೇಸ್‌ನ ಎರಡು ಭಾಗಗಳ ನಡುವೆ, ಅದು ಸರಿ. ಗ್ಯಾಸ್ಕೆಟ್ ಇರಬೇಕಾದಲ್ಲಿ ಪೇಸ್ಟ್ ಮಾತ್ರ ಹಾಕುವುದು ಎರಡು ಕಾರಣಕ್ಕೆ ತಪ್ಪು. ಗ್ಯಾಸ್ಕೆಟ್‌ನ ದಪ್ಪ ಒಳಗಿನ ಶಾಫ್ಟ್‌ಗಳ ಆಟವನ್ನು ನಿರ್ಧರಿಸುತ್ತಿರಬಹುದು. ಅದನ್ನು ತೆಗೆದರೆ ಶಾಫ್ಟ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಎರಡನೆಯದು ಇನ್ನೂ ಗಂಭೀರ. ಹೊರಗೆ ಎಷ್ಟು ಪೇಸ್ಟ್ ಉಬ್ಬಿ ಬಂದಿದೆಯೋ ಅಷ್ಟೇ ಒಳಗೂ ಉಬ್ಬಿರುತ್ತದೆ. ಅದು ಬಿಸಿ ಆಯಿಲ್‌ನಲ್ಲಿ ಹುಳುವಿನಂಥ ತುಂಡುಗಳಾಗಿ ಕಳಚಿ, ಆಯಿಲ್ ಜಾಲರಿಗೆ ಅಡ್ಡ ಬಂದು, ಮೇಲಿನ ಕ್ಯಾಮ್‌ಗೆ ಆಯಿಲ್ ತಲುಪದಂತೆ ಮಾಡಬಲ್ಲದು. ಬಳಸಲೇಬೇಕಾದರೆ ಬೆರಳಲ್ಲಿ ಸವರಿ ಕಂಡೂ ಕಾಣದಷ್ಟು ತೆಳ್ಳಗೆ ಬಳಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ.

ಡ್ರೈನ್ ಬೋಲ್ಟ್‌ನ ತಾಮ್ರದ ವಾಷರ್ ಮತ್ತೆ ಬಳಸಬಹುದೇ?

ಹೊಸದನ್ನು ಹಾಕುವುದು ಉತ್ತಮ. ಒತ್ತಡಕ್ಕೆ ಸಿಕ್ಕ ತಾಮ್ರ ಗಡುಸಾಗುತ್ತದೆ. ಹೊಸದು ಸಿಗದಿದ್ದಾಗ ತಂತಿಯಲ್ಲಿ ಹಿಡಿದು ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಸಿದರೆ ತಾಮ್ರ ಪುನಃ ಮೆದುವಾಗುತ್ತದೆ. ಕಪ್ಪು ಪೊರೆಯನ್ನು ಉಜ್ಜಿ ತೆಗೆದು ಬಳಸಬಹುದು. ಅಲ್ಯೂಮಿನಿಯಂ ವಾಷರ್‌ಗೆ ಈ ಉಪಾಯ ಬೇಡ.

ಗೇರ್ ಶಾಫ್ಟ್, ಕಿಕ್ ಶಾಫ್ಟ್ ಅಥವಾ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್ ಬದಲಿಸುವಾಗ ಏನನ್ನು ಗಮನಿಸಬೇಕು?

ಸೀಲ್ ಬದಲಿಸುವ ಮೊದಲು ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಬೇರಿಂಗ್ ಅಥವಾ ಬುಷ್ ಸವೆದು ಶಾಫ್ಟ್ ಕುಣಿಯುತ್ತಿದ್ದರೆ ಹೊಸ ಸೀಲ್ ಬಹಳ ದಿನ ಬಾಳುವುದಿಲ್ಲ. ಚೈನನ್ನು ಅತಿಯಾಗಿ ಬಿಗಿ ಇಡುವುದೂ ಸ್ಪ್ರಾಕೆಟ್ ಹಿಂದಿನ ಸೀಲ್ ಬೇಗ ಹೋಗಲು ಕಾರಣ.

ಹಳೆಯ ಸೀಲ್ ತೆಗೆಯುವಾಗ ಅದು ಕೂರುವ ಗೂಡಿಗೆ ಗೀರು ಬೀಳದಿರಲಿ. ಹೊಸದರ ಸುರುಳಿ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೆ ಮುಖ ಮಾಡಿರಬೇಕು. ಶಾಫ್ಟ್‌ನ ಹಲ್ಲುಗಳು ಸೀಲ್‌ನ ತುಟಿಯನ್ನು ಕತ್ತರಿಸದಂತೆ ಅವುಗಳ ಮೇಲೆ ತೆಳುವಾದ ಟೇಪ್ ಸುತ್ತಿ, ತುಟಿಗೆ ಗ್ರೀಸ್ ಹಚ್ಚಿ ತೂರಿಸಿ, ಸೀಲ್‌ನ ಹೊರ ಅಂಚಿನಷ್ಟೇ ಅಗಲವಿರುವ ಸಾಕೆಟ್‌ನಿಂದ ಒಂದೇ ಸಮನೆ ತಟ್ಟಿ ಕೂರಿಸಿ. ಹಳೆಯ ಸೀಲ್ ಉಜ್ಜಿದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಶಾಫ್ಟ್‌ನಲ್ಲಿದ್ದರೆ, ಗೂಡಿನಲ್ಲಿ ಅವಕಾಶವಿದ್ದು ಆಯಿಲ್ ರಂಧ್ರ ಮುಚ್ಚದಂತಿದ್ದರೆ, ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ ತುಟಿ ಸವೆಯದ ಜಾಗದ ಮೇಲೆ ಬರುವಂತೆ ಮಾಡಬಹುದು.

ಹೆಡ್ (ಸಿಲಿಂಡರ್‌ನ ಮೇಲೆ ಕೂರುವ ಭಾಗ) ಮತ್ತು ಬೋರ್ ನಡುವೆ ಒದ್ದೆಯಾಗಿದೆ. ಹೆಡ್ ಬಿಚ್ಚಲೇಬೇಕೇ?

ಮೊದಲು ಟ್ಯಾಪೆಟ್ ಕವರ್‌ನಿಂದ ಇಳಿದು ಬಂದದ್ದಲ್ಲ ಎಂದು ಖಚಿತಪಡಿಸಿಕೊಳ್ಳಿ. ಕಂಪ್ರೆಷನ್ನೂ ಸೋರುತ್ತಿದೆಯೇ ಎಂದು ತಿಳಿಯಲು ಜೋಡಣೆಯ ಸುತ್ತ ಸಾಬೂನು ನೀರು ಹಚ್ಚಿ ಕಿಕ್ ಹೊಡೆಯಿರಿ. ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಿಚ್ಚುವಾಗಲೂ ಬಿಗಿಯುವಾಗಲೂ ಎಂಜಿನ್ ಪೂರ್ತಿ ತಣ್ಣಗಿರಬೇಕು. ನಟ್‌ಗಳನ್ನು ಎದುರುಬದುರಾಗಿ, ಹಂತ ಹಂತವಾಗಿ ಬಿಗಿಯಬೇಕು, ಮತ್ತು ಇಲ್ಲಿ ಟಾರ್ಕ್ ರೆಂಚ್ ಇಲ್ಲದೆ ಕೆಲಸ ಮಾಡಬಾರದು. ಬೋರ್ ಕೆಳಗಿನ ಗ್ಯಾಸ್ಕೆಟ್ ಬದಲಿಸುವುದಾದರೆ ಮೂಲದಷ್ಟೇ ದಪ್ಪದ್ದನ್ನು ಹಾಕಿ. ದಪ್ಪ ಬದಲಾದರೆ ಕಂಪ್ರೆಷನ್ ಬದಲಾಗುತ್ತದೆ. ಹೆಡ್ ಕೂರಿಸಿದ ಮೇಲೆ ಟ್ಯಾಪೆಟ್ ಅಂತರವನ್ನು ಹೊಸದಾಗಿ ಹೊಂದಿಸಿ.

ಟೂ ಸ್ಟ್ರೋಕ್ ಬೈಕ್‌ನಲ್ಲಿ ಹೊರಗೆ ಹನಿಯೂ ಇಲ್ಲ, ಆದರೆ ಗೇರ್ ಆಯಿಲ್ ಕಡಿಮೆಯಾಗುತ್ತಿದೆ. ಎಲ್ಲಿ ಹೋಗುತ್ತಿದೆ?

ಎಂಜಿನ್ ಅದನ್ನು ಸುಡುತ್ತಿದೆ. ಗೇರ್‌ಬಾಕ್ಸ್ ಬದಿಯ ಕ್ರ್ಯಾಂಕ್ ಸೀಲ್ ಹೋದಾಗ ಕ್ರ್ಯಾಂಕ್‌ಕೇಸ್‌ನ ಸೆಳೆತಕ್ಕೆ ಗೇರ್ ಆಯಿಲ್ ಒಳಗೆ ಎಳೆಯಲ್ಪಟ್ಟು, ಸೈಲೆನ್ಸರ್‌ನಿಂದ ದಟ್ಟ ಹೊಗೆ ಬರುತ್ತದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಎಣ್ಣೆಯ ಬದಲು ಗಾಳಿ ಒಳಸೇರುತ್ತದೆ. ಐಡಲ್ ತಾನಾಗಿ ಏರುತ್ತದೆ, ಮಿಶ್ರಣ ತೆಳುವಾಗಿ ಪಿಸ್ಟನ್ ಅತಿಯಾಗಿ ಬಿಸಿಯಾಗುತ್ತದೆ. ಈ ಎರಡನೆಯದನ್ನು ಅಲಕ್ಷಿಸಿ ಓಡಿಸಿದರೆ ಎಂಜಿನ್ ಜಾಮ್ ಆಗುವ ಅಪಾಯವಿದೆ.

ದಪ್ಪನೆಯ ಆಯಿಲ್ ಅಥವಾ ಸೋರಿಕೆ ನಿಲ್ಲಿಸುವ ದ್ರವ ಹಾಕಿದರೆ?

ಶಿಫಾರಸಿಗಿಂತ ದಪ್ಪನೆಯ ಆಯಿಲ್ ತಣ್ಣನೆಯ ಎಂಜಿನ್‌ನಲ್ಲಿ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಸೋರಿಕೆಯನ್ನು ನಿಲ್ಲಿಸುವುದಿಲ್ಲ. ಸೋರಿಕೆ ನಿಲ್ಲಿಸುವ ದ್ರವಗಳು ಹೆಚ್ಚಾಗಿ ರಬ್ಬರನ್ನು ಉಬ್ಬಿಸುವಂಥವು; ಹರಿದ ಸೀಲ್‌ಗಾಗಲಿ ಕಾಗದದ ಗ್ಯಾಸ್ಕೆಟ್‌ಗಾಗಲಿ ಅವುಗಳಿಂದ ಉಪಯೋಗವಿಲ್ಲ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಅಲ್ಲಿ ಬೇರೆ ದ್ರವ ಬೆರೆತರೆ ಕ್ಲಚ್ ಜಾರಬಹುದು. ಇಂಥ ಬೈಕ್‌ಗಳಿಗೆ ಡಬ್ಬಿಯ ಮೇಲೆ ಜಾಸೋ ಎಂಎ (ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ ಹೊಂದುವ ಆಯಿಲ್ ಎಂಬ ಮಾನದಂಡ) ಗುರುತಿರುವ ಆಯಿಲನ್ನೇ ಆರಿಸಿ.

ಹಳೆಯ ಎಂಜಿನ್ ಎಂದರೆ ಸೋರುವುದೇ ಸಹಜ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಹಿಂದಿನ ಅನೇಕ ಬ್ರಿಟಿಷ್ ಎಂಜಿನ್‌ಗಳ ಕ್ರ್ಯಾಂಕ್‌ಕೇಸ್ ಲಂಬವಾಗಿ ಎರಡು ಹೋಳಾಗಿರುತ್ತಿತ್ತು, ಜೋಡಣೆಯ ಗೆರೆ ಆಯಿಲ್ ನಿಲ್ಲುವ ತಳದವರೆಗೂ ಇಳಿಯುತ್ತಿತ್ತು. 1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ750ಯಂಥ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಕೇಸ್ ಅಡ್ಡವಾಗಿ ಸೀಳಿದ್ದರಿಂದ ತಳದಲ್ಲಿ ಅಂಥ ಸೀಳುಗೆರೆ ಇರಲಿಲ್ಲ. ವಿನ್ಯಾಸದ ವ್ಯತ್ಯಾಸ ಇಷ್ಟರಮಟ್ಟಿಗೆ ಇದ್ದರೂ, ಹಳೆಯ ವಿನ್ಯಾಸದ ಎಂಜಿನ್ನನ್ನೂ ಸಮತಟ್ಟಾದ ಮೇಲ್ಮೈ, ತೆರೆದ ಬ್ರೀದರ್, ಸರಿಯಾದ ಬಿಗಿ ಇವುಗಳಿಂದ ಒಣಗಿರುವಂತೆ ಇಡಬಹುದು. ಜೋಡಣೆಯ ಗೆರೆಯಲ್ಲಿ ಧೂಳು ಹಿಡಿಯುವಷ್ಟು ತೇವ ಕಂಡರೆ ನಾನು ಎಂಜಿನ್ ಬಿಚ್ಚುವುದಿಲ್ಲ, ಒರೆಸಿ ಗಮನಿಸುತ್ತಿರುತ್ತೇನೆ. ಹನಿಯಾಗಿ ಬೀಳತೊಡಗಿದರೆ ಕೆಲಸಕ್ಕೆ ಇಳಿಯುತ್ತೇನೆ.

ಯಾವ ಸ್ಥಿತಿಯಲ್ಲಿ ಬೈಕ್ ಓಡಿಸಲೇಬಾರದು?

ಆಯಿಲ್ ಹಿಂದಿನ ಟೈರ್ ಅಥವಾ ಬ್ರೇಕ್‌ಗೆ ತಾಗುತ್ತಿದ್ದರೆ, ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆಯಾಡುತ್ತಿದ್ದರೆ, ಲೆವೆಲ್ ಕೆಳಗಿನ ಗುರುತಿಗಿಂತ ಇಳಿದಿದ್ದರೆ, ಅಥವಾ ಆಯಿಲ್ ಒತ್ತಡದ ದೀಪ ಉರಿಯುತ್ತಿದ್ದರೆ ಅಲ್ಲಿಯೇ ನಿಲ್ಲಿಸಿ. ತಿರುವಿನಲ್ಲಿ ವಾಲಿದಾಗ ಟೈರ್‌ನ ಅಂಚಿಗೆ ಒಂದು ಹನಿ ತಾಗಿದರೂ ಬೀಳುವ ಅಪಾಯವಿದೆ.

ರಿಪೇರಿ ಮುಗಿದ ಮೇಲೆ ಏನು ಪರೀಕ್ಷಿಸಬೇಕು?

ಎಂಜಿನ್ ಹೊರಭಾಗವನ್ನು ಇನ್ನೊಮ್ಮೆ ತೊಳೆದು ಒಣಗಿಸಿ, ಲೆವೆಲ್ ಸರಿಮಾಡಿ, ಐದು ನಿಮಿಷ ನಿಂತಲ್ಲೇ ಓಡಿಸಿ ನೋಡಿ. ನಂತರ ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬಂದು, ರಾತ್ರಿ ಪೂರ್ತಿ ತಣಿಯಲು ಬಿಟ್ಟು, ಬೆಳಗ್ಗೆ ಕವರ್ ಬೋಲ್ಟ್‌ಗಳ ಬಿಗಿಯನ್ನು ಪರೀಕ್ಷಿಸಿ. ಕಾಗದ ಮತ್ತು ಕಾರ್ಕ್ ಗ್ಯಾಸ್ಕೆಟ್‌ಗಳು ಮೊದಲ ಬಿಸಿಗೆ ಸ್ವಲ್ಪ ಕುಗ್ಗುವುದರಿಂದ ಒಂದೆರಡು ಬೋಲ್ಟ್ ಸಡಿಲವಾಗಿರುವುದು ಅಪರೂಪವಲ್ಲ. ಹೆಡ್ ನಟ್‌ಗಳನ್ನು ಮತ್ತೆ ಬಿಗಿಯಬೇಕೇ ಎಂಬುದಕ್ಕೆ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಇಳಿಸಿದ ಹಳೆಯ ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಮಣ್ಣಿಗಾಗಲಿ ಚರಂಡಿಗಾಗಲಿ ಸುರಿಯಬೇಡಿ. ಕೈಗೆ ಮೆತ್ತಿದ್ದನ್ನು ಸಾಬೂನಿನಿಂದ ಆಗಲೇ ತೊಳೆದುಕೊಳ್ಳಿ.